ದಫ್ತರ ಬರೆದವರು, ದಫ್ತರ ಹೊತ್ತವರು

ಕಂಪ್ಯೂಟರ್ ಬರುವುದಕ್ಕಿಂತ ಬಹಳ ಹಿಂದೆಯೇ ನಮ್ಮ ಹಳ್ಳಿಗಳಲ್ಲಿ ಕಚೇರಿ ಇತ್ತು. ಶಾನುಭೋಗರ ಮನೆಯ ಜಗಲಿಯೇ ಆ ಕಚೇರಿ. ಬಟ್ಟೆಯಲ್ಲಿ ಗಂಟು ಕಟ್ಟಿದ ದಫ್ತರವೇ ಅದರ ಆಸ್ತಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಕೇರಿಗಳಲ್ಲಿ ಎಂಬತ್ತರ ಹತ್ತಿರವಿರುವ ಹಿರಿಯರನ್ನು ಕೇಳಿ ನೋಡಿ. "ಬರಿಯೋರು ಅವ್ರು ಕಣಪ್ಪ, ಹೊರೋರು ನಾವು" ಅಂತಾರೆ. ಬರೆಯುತ್ತಿದ್ದವರು ಶಾನುಭೋಗರು, ಹಳೇ ಮೈಸೂರಿನ ಹೆಚ್ಚಿನ ಊರುಗಳಲ್ಲಿ ಬ್ರಾಹ್ಮಣರು. ಜಮಾಬಂದಿಯ ದಿನ ಆ ಗಂಟನ್ನು ತಲೆಮೇಲಿಟ್ಟುಕೊಂಡು ತಾಲ್ಲೂಕು ಕಚೇರಿಗೆ ನಡೆಯುತ್ತಿದ್ದವನು ತೋಟಿ, ಹೊಲಗೇರಿಯವನು. ಅವನು ಜಗಲಿ ಹತ್ತುವಂತಿರಲಿಲ್ಲ. ಆದರೆ ಅವನು ಹೊತ್ತ ಗಂಟಿಗೆ ಮಾತ್ರ ಯಾವ ಮೈಲಿಗೆಯೂ ತಟ್ಟುತ್ತಿರಲಿಲ್ಲ!

ಈ ಕಚೇರಿಗೆ ಅರ್ಜಿ ಬೇಕಿರಲಿಲ್ಲ, ಸಂದರ್ಶನ ಬೇಕಿರಲಿಲ್ಲ. ಹುಟ್ಟೇ ನೇಮಕಾತಿ ಆದೇಶ. ಶಾನುಭೋಗರ ಮಗ ಶಾನುಭೋಗ, ತೋಟಿಯ ಮಗ ತೋಟಿ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ಕಾನೂನಿನ ಪುಸ್ತಕದಲ್ಲಿ ಪಟೇಲಿಕೆ, ಶಾನುಭೋಗಿಕೆ, ತೋಟಿತನ ಎಲ್ಲವೂ ಹೋದವು. ಸಂಬಳದ ಗ್ರಾಮಲೆಕ್ಕಿಗ ಬಂದ. ಕಾನೂನಿನಲ್ಲಿ ಹೋದದ್ದು ಊರಿನಲ್ಲಿ ಹೋಗಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಈ ಹಳೇ ಕತೆಯನ್ನು ಈಗ ತೆಗೆದದ್ದಕ್ಕೆ ಕಾರಣವಿದೆ. ಹುಣಸೂರಿನ ಬಸ್ಸು, ಕೆ.ಆರ್. ನಗರದ ಬಸ್ಸು ಇಲವಾಲದ ಹತ್ತಿರ ಒಂದೇ ರಸ್ತೆಗೆ ಬೀಳುತ್ತವೆ. ಅಲ್ಲಿಂದ ಮುಂದೆ ಹೂಟಗಳ್ಳಿ, ಹಿನಕಲ್. ಪಕ್ಕದ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಸಾಫ್ಟ್‌ವೇರ್ ಕಂಪನಿಗಳು. ಬೆಳಗಿನ ಮೊದಲ ಬಸ್ಸುಗಳಲ್ಲಿ ನಿಂತುಕೊಂಡು ಬರುವ ನಮ್ಮ ಹೆಣ್ಣುಮಕ್ಕಳನ್ನು "ಎಲ್ಲವ್ವಾ ಕೆಲ್ಸ?" ಎಂದರೆ "ಕಂಪ್ನೀಲಿ ಸಾ" ಎನ್ನುತ್ತಾರೆ. "ಏನ್ ಕೆಲ್ಸ?" ಎಂದು ಇನ್ನೊಂದು ಸಲ ಕೇಳಿದರೆ ದನಿ ಸ್ವಲ್ಪ ಇಳಿಯುತ್ತದೆ. "ಹೌಸ್‌ಕೀಪಿಂಗು." ಗಂಡಸರಾದರೆ ಸೆಕ್ಯುರಿಟಿ, ಇಲ್ಲ ಕ್ಯಾಂಟೀನು, ಇಲ್ಲ ತೋಟ, ಇಲ್ಲ ಕ್ಯಾಬ್ ಓಡಿಸೋದು. ಮಾನಂದವಾಡಿ ರಸ್ತೆಯಲ್ಲಿ ಕೋಟೆ ಕಡೆಯಿಂದ ಬರುವ ಬಸ್ಸಿನದೂ ಇದೇ ಪಾಡು. ಬರೆಯುವವರು ಒಂದು ಪಟ್ಟಿಯಲ್ಲಿ, ಹೊರುವವರು ಇನ್ನೊಂದು ಪಟ್ಟಿಯಲ್ಲಿ. ಈ ಎರಡು ಪಟ್ಟಿಗಳು ಹೇಗೆ ತಯಾರಾದವು, ಯಾರು ತಯಾರಿಸುತ್ತಾರೆ ಎಂಬ ಚರಿತ್ರೆಯನ್ನು ಯಾರಾದರೂ ಬರೆಯಬೇಕು. ಕಂಪನಿಯವರಂತೂ ಬರೆಯುವುದಿಲ್ಲ.

ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ನೌಕರಿಯ ಮೊದಲ ಜಗಳ ಜಾತಿಯದ್ದಾಗಿರಲಿಲ್ಲ, ಊರಿನದ್ದಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದೊಡ್ಡ ಹುದ್ದೆಗಳಲ್ಲಿ ಮದರಾಸಿನಿಂದ ಬಂದವರು ಕೂತಿದ್ದರು. ಅದಕ್ಕೆ ಎದುರಾಗಿ 'ಮೈಸೂರು ಮೈಸೂರಿನವರಿಗೆ' ಎಂಬ ಕೂಗು ಎದ್ದಿತು. ಒಳ್ಳೆಯ ಕೂಗೇ. ಆದರೆ ಕೂಗಿದವರು ಯಾರು? ಇಂಗ್ಲಿಷ್ ಓದಿದ ಮೈಸೂರಿನ ಬ್ರಾಹ್ಮಣರು. ಮದರಾಸಿನವರು ಎದ್ದ ಕುರ್ಚಿಯಲ್ಲಿ ಮೈಸೂರಿನವರು ಕೂತರು, ಕುರ್ಚಿಯ ಜಾತಿ ಬದಲಾಗಲಿಲ್ಲ. 'ಸ್ಥಳೀಯರು' ಎಂಬ ಮಾತಿನ ಒಳಗೆ ಯಾರಿದ್ದಾರೆ ಎಂದು ಕೇಳಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ದಕ್ಷತೆ ಕೆಡುತ್ತದೆ ಎಂಬುದು ಅವರ ವಾದ. ಅವರು ಹುದ್ದೆ ಬಿಟ್ಟರು.

ಮಿಲ್ಲರ್ ಸಮಿತಿ ಮಾಡಿದ ದೊಡ್ಡ ಕೆಲಸ ಯಾವುದು? ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಎಂದು ಶಿಫಾರಸು ಮಾಡಿದ್ದು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ನಿಜ. ಆದರೆ ಅದಕ್ಕಿಂತ ಮೊದಲು ಅದು ಮಾಡಿದ್ದು ಎಣಿಸುವ ಕೆಲಸ. ಯಾವ ಇಲಾಖೆಯಲ್ಲಿ ಯಾವ ಜಾತಿಯವರು ಎಷ್ಟು ಜನ ಎಂದು ಕಾಗದದ ಮೇಲೆ ಬಂತು. ಅಲ್ಲಿಯವರೆಗೆ 'ಯೋಗ್ಯತೆಯಿಂದ ಬಂದವರು' ಎನಿಸಿಕೊಂಡಿದ್ದವರು ಆ ಕಾಗದದಲ್ಲಿ ಒಂದು ಜಾತಿಯ ಜನರಾಗಿ ಕಾಣಿಸಿದರು. ಲೆಕ್ಕ ಎದುರಿಗೆ ಬಂದ ಮೇಲೆ ಯೋಗ್ಯತೆಯ ವಾದಕ್ಕೆ ಮೊದಲಿನ ಬಿಗಿ ಉಳಿಯಲಿಲ್ಲ.

ಹಾಗೆಂದು ಮಿಲ್ಲರ್ ವರದಿಯನ್ನು ನಾವು ತಲೆಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ಬ್ರಾಹ್ಮಣರನ್ನು, ಯೂರೋಪಿನವರನ್ನು, ಆಂಗ್ಲೋ ಇಂಡಿಯನ್ನರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರು ಎಂದು ಅದು ಒಂದೇ ಚೀಲಕ್ಕೆ ಹಾಕಿತು. ಭೂಮಿ ಇದ್ದ ಲಿಂಗಾಯತ, ಒಕ್ಕಲಿಗರೂ ಆ ಚೀಲದಲ್ಲಿ, ಬಾವಿ ಮುಟ್ಟಲಾಗದ ಪಂಚಮನೂ ಅದೇ ಚೀಲದಲ್ಲಿ. ಓದು ಇದ್ದವರು, ಹಾಸ್ಟೆಲ್ ಕಟ್ಟಿಕೊಂಡವರು ಮುಂದೆ ಬಂದರು. ನಮ್ಮವರು ಚೀಲದ ತಳದಲ್ಲಿ ಉಳಿದರು. ಆ ಚೀಲವನ್ನು ಬಿಚ್ಚಲು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಬೇಕಾಯಿತು. 1972ರಲ್ಲಿ ಎಲ್.ಜಿ. ಹಾವನೂರರ ಆಯೋಗ ನೇಮಕವಾಯಿತು, 1975ರಲ್ಲಿ ವರದಿ ಬಂತು. ಅದೂ ಎಣಿಸಿಯೇ ಮಾತಾಡಿತು. ಎಣಿಸಿದ್ದರಿಂದಲೇ ಅದರ ಮೇಲೆ ಅಷ್ಟು ಸಿಟ್ಟು.

ಇಂಜಿನಿಯರಿಂಗ್ ಕಾಲೇಜಿನ ಮಾತನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಸಾಫ್ಟ್‌ವೇರಿನ ಕಣಜ ತುಂಬುವುದು ಅಲ್ಲಿಂದ. 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೈಸೂರು ಸರ್ಕಾರದ 68ರಷ್ಟು ಮೀಸಲಾತಿಯನ್ನು ಹೊಡೆದು ಹಾಕಿ, ಅರ್ಧದ ಗೆರೆ ಎಳೆದದ್ದು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಸೀಟುಗಳ ವಿಷಯದಲ್ಲೇ. ಆಮೇಲೆ ಖಾಸಗಿ ಕಾಲೇಜುಗಳು ಬಂದವು, ಕ್ಯಾಪಿಟೇಶನ್ ಬಂತು. ದುಡ್ಡು ಕೊಟ್ಟು ಸೀಟು ಕೊಂಡವನಿಗೆ ಮೆರಿಟ್ ಇಲ್ಲ ಎಂದು ಯಾರೂ ಮೂದಲಿಸಲಿಲ್ಲ. ಮೀಸಲಾತಿಯಲ್ಲಿ ಬಂದವನನ್ನು ಮಾತ್ರ ಹಾಸ್ಟೆಲಿನ ಅನ್ನದ ತಟ್ಟೆಯವರೆಗೂ ಅಟ್ಟಿಸಿಕೊಂಡು ಹೋಗಿ ಕೇಳಿದರು.

ಹೀಗೆ ಸರ್ಕಾರದ ಕಚೇರಿ ಒಂದು ಬಗೆಯಲ್ಲಿ ನಮಗೆ ತೆರೆಯುತ್ತಿದ್ದ ಹೊತ್ತಿನಲ್ಲೇ ಕೆಲಸ ಆ ಕಚೇರಿಯಿಂದ ಎದ್ದು ಬೇರೆ ಕಡೆಗೆ ಹೊರಟಿತು. ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ, ಪುಣೆಯಲ್ಲಿ. 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. 1991ರ ನಂತರ ಸರ್ಕಾರವೇ ತೆರಿಗೆ ಬಿಟ್ಟು, ಜಾಗ ಕೊಟ್ಟು, ಸಾಫ್ಟ್‌ವೇರ್ ಪಾರ್ಕುಗಳನ್ನು ಮಾಡಿತು. ಮೈಸೂರಿನ ಹೆಬ್ಬಾಳದಲ್ಲಿ ಮುನ್ನೂರು ಎಕರೆಗೂ ಮೀರಿದ ಇನ್ಫೋಸಿಸ್ ಕ್ಯಾಂಪಸ್ಸು ಎದ್ದಿತು. 2005ರಲ್ಲಿ ಅಲ್ಲಿ ತರಬೇತಿ ಕೇಂದ್ರ ಶುರುವಾಯಿತು. ಒಂದೇ ಸಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಇಟ್ಟು ಕಲಿಸುವ ಜಾಗ. ದೇಶದ ಮೂಲೆಮೂಲೆಯಿಂದ ಬಂದು ಕಲಿತು ಹೋಗುತ್ತಾರೆ. ಮಿಲ್ಲರನ ಕಾಲದಿಂದ ಈಚೆಗೆ ಮೈಸೂರಿನಲ್ಲಿ ಇಷ್ಟು ದೊಡ್ಡ ಕಚೇರಿ ಬಂದೇ ಇಲ್ಲ. ಇಷ್ಟು ದೊಡ್ಡ ಕಚೇರಿಯೊಳಗೆ ಯಾವ ಜಾತಿಯವರು ಎಷ್ಟು ಎಂದು ಎಣಿಸದೇ ಬಿಟ್ಟದ್ದೂ ಇದೇ ಮೊದಲು.

ಸಾಫ್ಟ್‌ವೇರ್ ಕಂಪನಿಗಳು ಜನರನ್ನು ಆರಿಸುವ ರೀತಿಯನ್ನು ನಮ್ಮ ಮೇಷ್ಟ್ರುಗಳು ತಿಳಿದುಕೊಳ್ಳಬೇಕು, ಯಾಕೆಂದರೆ ಜರಡಿ ಹಿಡಿಯುವುದು ಅವರ ಶಾಲೆಯಿಂದಲೇ ಶುರು. ಕಂಪನಿ ಎಲ್ಲಾ ಕಾಲೇಜಿಗೂ ಹೋಗುವುದಿಲ್ಲ. ಅದಕ್ಕೊಂದು ಕಾಲೇಜುಗಳ ಪಟ್ಟಿ ಇದೆ. ಹೋದ ಕಡೆಯಲ್ಲೂ ಬಹಳ ಕಂಪನಿಗಳು ಮೊದಲು ಹಾಕುವ ಷರತ್ತು: ಹತ್ತನೇ ತರಗತಿ, ಪಿಯುಸಿ, ಇಂಜಿನಿಯರಿಂಗ್ ಮೂರರಲ್ಲೂ ಶೇಕಡಾ ಅರವತ್ತು ಇರಬೇಕು, ಬಾಕಿ ಉಳಿದ ವಿಷಯ ಇರಬಾರದು, ಓದಿನ ನಡುವೆ ವರ್ಷ ಬಿಟ್ಟಿರಬಾರದು. ಎಷ್ಟು ನಿರಪಾಯದ ಷರತ್ತು ನೋಡಿ! ಇದರಲ್ಲಿ ಜಾತಿಯ ಹೆಸರೇ ಇಲ್ಲ. ಪಿರಿಯಾಪಟ್ಟಣದ ಕಡೆಯ ಒಬ್ಬ ಹುಡುಗ. ಅಪ್ಪನಿಗೆ ಹುಷಾರಿಲ್ಲದ ವರ್ಷ ಪಿಯುಸಿ ಮುಗಿಸಿ ಒಂದು ಹಂಗಾಮು ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಬೆಂಕಿ ಕಾಯ್ದ. ಆ ವರ್ಷ ಅವನ ಅರ್ಜಿಯಲ್ಲಿ 'ಗ್ಯಾಪ್' ಆಯಿತು. ಬೆಂಕಿಯ ಮುಂದೆ ರಾತ್ರಿ ನಿದ್ದೆಗೆಟ್ಟದ್ದು ಕಂಪನಿಯ ಕಣ್ಣಿಗೆ ಖಾಲಿ ಕೂತದ್ದು! ಅದನ್ನೂ ದಾಟಿ ಒಂದು ಕಡೆ ಸಂದರ್ಶನಕ್ಕೆ ಕೂತ. "ನಿಮ್ಮ ಕುಟುಂಬದ ಬಗ್ಗೆ ಹೇಳಿ" ಎಂದರಂತೆ. "ನಾನು ಏನ್ ಹೇಳ್ಲಿ ಅಣ್ಣ, ಅಪ್ಪ ಕೂಲಿ ಅಂದೆ. ಆಮೇಲೆ ಅವರು ಪೇಪರ್ ನೋಡ್ತಾ ಕೂತ್ರು" ಎಂದು ನನಗೆ ಹೇಳಿದ.

ಇದು ಒಬ್ಬ ಹುಡುಗನ ಅಳಲು ಎಂದು ತಳ್ಳಿಹಾಕುವವರು ಇರುತ್ತಾರೆ. ಅವರಿಗಾಗಿ ಎರಡು ಅಧ್ಯಯನಗಳನ್ನು ಹೇಳುತ್ತೇನೆ. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ದೆಹಲಿಯ 25 ದೊಡ್ಡ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನು ಮಾತಾಡಿಸಿ 2007ರಲ್ಲಿ ಬರೆದರು. ನಮಗೆ ಮೆರಿಟ್ ಒಂದೇ ಮುಖ್ಯ ಎಂದವರೇ ಅದರ ಜೊತೆಯಲ್ಲಿ, ಕುಟುಂಬದ ಹಿನ್ನೆಲೆಯನ್ನು ಕೇಳಿಯೇ ಕೇಳುತ್ತೇವೆ ಎಂದೂ ಹೇಳಿದರು. ಎರಡಕ್ಕೂ ಜಗಳವಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿದ್ದರು. ಓದು ಒಂದೇ, ಅನುಭವ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಂಭವ ನೂರು ಎಂದು ಇಟ್ಟುಕೊಂಡರೆ ದಲಿತ ಹೆಸರಿಗೆ 67, ಮುಸ್ಲಿಂ ಹೆಸರಿಗೆ 33. ಅರ್ಜಿಯ ಮೇಲಿನ ಹೆಸರೊಂದೇ ಕೇರಿಯ ದಾರಿ ತೋರಿಸಿಬಿಟ್ಟಿತು. ಬೆಂಗಳೂರಿನ ಸಾಫ್ಟ್‌ವೇರ್ ನೌಕರರ ನಡುವೆಯೇ ಕೆಲಸ ಮಾಡಿದ ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿಯವರೂ, ಇಲ್ಲಿ ತುಂಬಿರುವವರು ಬಹುಪಾಲು ನಗರದ, ಮೇಲ್ಜಾತಿಯ, ಹಿಂದಿನ ತಲೆಮಾರಿನಲ್ಲೇ ಓದಿ ನೌಕರಿ ಹಿಡಿದ ಮನೆಗಳವರು, ಹಳ್ಳಿಯಿಂದ ನೇರ ಬಂದವರು ಬೆರಳೆಣಿಕೆ ಎಂದು ತೋರಿಸಿದ್ದಾರೆ.

ಒಳಗೆ ಹೋದ ಮೇಲೂ ಆರಿಸುವುದು ನಿಲ್ಲುವುದಿಲ್ಲ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಕಂಪನಿಗೆ ಸೇರಿದ ಮಾತ್ರಕ್ಕೆ ಕೆಲಸ ಸಿಕ್ಕಿತು ಎಂದಲ್ಲ. ಪ್ರಾಜೆಕ್ಟು ಸಿಗಬೇಕು. ಸಿಗದವರು 'ಬೆಂಚಿನ' ಮೇಲೆ. ಯಾರನ್ನು ಯಾವ ಪ್ರಾಜೆಕ್ಟಿಗೆ ಹಾಕಬೇಕು, ಯಾರನ್ನು ಅಮೆರಿಕಾಕ್ಕೆ ಕಳಿಸಬೇಕು, ವರ್ಷದ ಕೊನೆಯಲ್ಲಿ ಯಾರಿಗೆ ಯಾವ ದರ್ಜೆ ಕೊಡಬೇಕು ಎಂದು ಹೇಳುವವನು ಮ್ಯಾನೇಜರ್. ಅವನು ತನ್ನ ಜೊತೆ ಊಟಕ್ಕೆ ಕೂರುವವನನ್ನು, ತನ್ನಂತೆ ಮಾತಾಡುವವನನ್ನು ಹತ್ತಿರ ಇಟ್ಟುಕೊಳ್ಳುತ್ತಾನೆ. ಅದಕ್ಕೆ ಜಾತಿ ಎಂಬ ಹೆಸರಿಲ್ಲ, 'ಫಿಟ್' ಎಂಬ ಹೆಸರಿದೆ. ಹೊಸಬರು ಬೇಕಾದಾಗ ನೌಕರರಿಗೇ "ನಿಮ್ಮ ಗೆಳೆಯರಿದ್ದರೆ ತನ್ನಿ" ಎಂದು ಹೇಳಿ ತಂದವರಿಗೆ ಇನಾಮು ಕೊಡುವ ಪದ್ಧತಿಯೂ ಬಹಳ ಕಡೆ ಇದೆ. ಗೆಳೆಯರು ಯಾರ ಮನೆಯಲ್ಲಿ ಹುಟ್ಟಿರುತ್ತಾರೆ? ಶಾನುಭೋಗರ ಮಗನ ಗೆಳೆಯ ತೋಟಿಯ ಮಗ ಆಗಿದ್ದ ಊರನ್ನು ನಾನಂತೂ ನೋಡಿಲ್ಲ.

ಈ ಮ್ಯಾನೇಜರಿಕೆ ಸಮುದ್ರ ದಾಟಿ ಕೋರ್ಟು ಹತ್ತಿದ್ದೂ ಉಂಟು. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೇ ಸಿಸ್ಕೊ ಕಂಪನಿಯ ಮೇಲೆ, ದಲಿತ ಇಂಜಿನಿಯರನೊಬ್ಬನಿಗೆ ಮೇಲ್ಜಾತಿಯ ಭಾರತೀಯ ಮೇಲಧಿಕಾರಿಗಳು ತಾರತಮ್ಯ ಮಾಡಿದರು ಎಂದು ದಾವೆ ಹೂಡಿತು. ಕಂಪನಿ ಇದನ್ನು ಅಲ್ಲಗಳೆಯಿತು. 2023ರಲ್ಲಿ ಇಬ್ಬರು ಅಧಿಕಾರಿಗಳ ಮೇಲಿನ ದಾವೆಯನ್ನು ಇಲಾಖೆ ಹಿಂದಕ್ಕೆ ತೆಗೆದುಕೊಂಡಿತು, ಕಂಪನಿಯ ಮೇಲಿನದನ್ನು ಉಳಿಸಿಕೊಂಡಿತು. ತೀರ್ಪು ಏನೇ ಆಗಲಿ, ಅಮೆರಿಕಾದ ಕೋರ್ಟಿನ ಕಾಗದದಲ್ಲಿ 'ದಲಿತ' ಎಂಬ ಮಾತು ಬಿದ್ದಿತು.

ಇನ್ನು ಎರಡನೇ ಪಟ್ಟಿ. ಅದನ್ನು ಕಂಪನಿ ಬರೆಯುವುದಿಲ್ಲ, ಗುತ್ತಿಗೆದಾರ ಬರೆಯುತ್ತಾನೆ. ಅಲ್ಲಿ ಕಾಲೇಜಿನ ಪಟ್ಟಿ ಬೇಡ, ಅರವತ್ತು ಪರ್ಸೆಂಟು ಬೇಡ, 'ಗ್ಯಾಪ್' ಕೇಳುವವರಿಲ್ಲ. ಊರಿನ ಒಬ್ಬಳು ಹೋದರೆ ಅವಳ ಹಿಂದೆ ಹತ್ತು ಜನ ಬರುತ್ತಾರೆ. ಇಲ್ಲಿಯೂ 'ಗೆಳೆಯರನ್ನು ತನ್ನಿ' ಪದ್ಧತಿಯೇ, ಇನಾಮು ಮಾತ್ರ ಇಲ್ಲ. ಬಹಳ ಕಡೆ ಕೊರಳಿನ ಟ್ಯಾಗಿನ ಬಣ್ಣ ಬೇರೆ. ಆ ಬಣ್ಣದಿಂದಲೇ ಯಾವ ಬಾಗಿಲು ತೆರೆಯುತ್ತದೆ, ಯಾವ ಕ್ಯಾಂಟೀನಿನಲ್ಲಿ ಕೂರಬಹುದು ಎಂದು ತೀರ್ಮಾನ. ಗುತ್ತಿಗೆ ಬದಲಾದರೆ ಹತ್ತು ವರ್ಷ ಗುಡಿಸಿದವಳೂ ಮತ್ತೆ ಹೊಸಬಳು.

ಇಲ್ಲಿ ನಾನು ಒಂದು ಮಾತನ್ನು ಮುಚ್ಚಿಡಬಾರದು. ನಮ್ಮ ಹೆಣ್ಣುಮಕ್ಕಳು ಈ ಕೆಲಸವನ್ನು ಬೈಯುವುದಕ್ಕಿಂತ ಹೆಚ್ಚಾಗಿ ಕಾಪಾಡಿಕೊಳ್ಳುತ್ತಾರೆ. "ಸೊಪ್ಪು ಕಟ್ಟೋದಕ್ಕಿಂತ ಮೇಲು ಕಣಣ್ಣ, ತಿಂಗ್ಳಾ ಅಂದ್ರೆ ದುಡ್ಡು, ಇಎಸ್ಐ ಕಾರ್ಡಯ್ತೆ, ಗೌಡ್ರ ಮನೆ ಮುಂದೆ ನಿಂತ್ಕೊಳಂಗಿಲ್ಲ" ಎಂದು ಹುಣಸೂರು ಕಡೆಯ ಒಬ್ಬಾಕೆ ನನ್ನ ಬಾಯಿ ಮುಚ್ಚಿಸಿದಳು. ಗೌಡರ ಮನೆ ಮುಂದೆ ನಿಲ್ಲದಿರುವುದು ಸಣ್ಣ ವಿಷಯವಲ್ಲ. ಹೊಗೆಸೊಪ್ಪಿನ ಹೊಲದ ಕೂಲಿಗೆ ಹೋಲಿಸಿದರೆ ಅವಳದು ಬಿಡುಗಡೆಯೇ. ಕ್ರಾಂತಿಯ ಭಾಷಣ ಮಾಡುವ ನಾವು ಅವಳ ಲೆಕ್ಕವನ್ನು ಒಪ್ಪಬೇಕು. ಆದರೆ ಅವಳೇ ಮಾತಿನ ನಡುವೆ, "ಮಗ್ಳು ಬಿ.ಎಸ್ಸಿ ಓದ್ತಾವ್ಳೆ, ಅವ್ಳು ಒಳ್ಗಡೆ ಕೂತ್ಕೊಳೋ ಹಂಗಾಗ್ಬೇಕು" ಎಂದಳು.

ಒಳಗಡೆ ಕೂರುವವರಿಗೂ ಈಗ ನೆಲ ಗಟ್ಟಿಯಿಲ್ಲ. 1946ರ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಸಾಫ್ಟ್‌ವೇರ್ ಕಂಪನಿಗಳಿಗೆ ಕರ್ನಾಟಕ ಸರ್ಕಾರ ವಿನಾಯಿತಿ ಕೊಡುತ್ತ ಬಂತು. 2014ರಲ್ಲಿ ಐದು ವರ್ಷ, 2019ರಲ್ಲಿ ಮತ್ತೆ, 2024ರಲ್ಲಿ ಮತ್ತೆ. 2025ರ ನವೆಂಬರಿನಲ್ಲಿ ಕೇಂದ್ರದ ಹೊಸ ಸಂಹಿತೆಗಳು ಜಾರಿಯಾಗಿ ಆ ಕಾಯ್ದೆಯೇ ಹೋಯಿತು. ಬಸ್ಸು ಫ್ಯಾಕ್ಟರಿಯ ಕಾರ್ಮಿಕನನ್ನು ತೆಗೆಯಲು ಇದ್ದ ನಿಯಮ ಕೀಲಿಮಣೆ ಒತ್ತುವವನಿಗೆ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ಸಿನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿಯವರನ್ನು ಒಳಪರೀಕ್ಷೆಯಲ್ಲಿ ಮೂರು ಸಲವೂ ಪಾಸಾಗಲಿಲ್ಲವೆಂದು ಕಳಿಸಿದಾಗ ಪತ್ರಿಕೆಗಳು ದೊಡ್ಡದಾಗಿ ಬರೆದವು, ಕಾರ್ಮಿಕ ಇಲಾಖೆಯೂ ವಿಚಾರಿಸಿತು. ಆ ಮುನ್ನೂರು ಜನರಲ್ಲಿ ಮನೆಗೆ ಮೊದಲ ಇಂಜಿನಿಯರುಗಳು ಎಷ್ಟು, ಯಾವ ಕೇರಿಗಳವರು ಎಷ್ಟು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. 2017ರಲ್ಲಿ ನೋಂದಣಿಯಾದ ಐಟಿ ನೌಕರರ ಸಂಘ ಬೆಂಗಳೂರಿನಲ್ಲಿದೆ. ಕೆಲಸದ ಹೊತ್ತಿಗಾಗಿ, ವಜಾ ವಿರುದ್ಧ ಅದು ಕಾದಾಡಿದೆ. ಅದು ಈ ಪ್ರಶ್ನೆಯನ್ನೂ ಕೈಗೆತ್ತಿಕೊಳ್ಳಲಿ, ಎರಡನೇ ಪಟ್ಟಿಯವರನ್ನೂ ತನ್ನ ಕಂಬಳಿಯೊಳಗೆ ಕರೆದುಕೊಳ್ಳಲಿ ಎಂಬುದು ನಮ್ಮ ಕೇಳಿಕೆ.

ಖಾಸಗಿ ಕಂಪನಿಯಲ್ಲಿ ಮೀಸಲಾತಿ ಎಂಬ ಮಾತು 2004ರಲ್ಲಿ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಬಂದಾಗ ಉದ್ಯಮಪತಿಗಳು ಬೆಚ್ಚಿದರು. 2006ರಲ್ಲಿ ಅವರ ಸಂಘಗಳು ಜೆ.ಜೆ. ಇರಾನಿಯವರ ಮುಂದಾಳುತನದಲ್ಲಿ ವರದಿ ಕೊಟ್ಟವು: ಕಾನೂನು ಬೇಡ, ನಾವೇ ಸ್ವಇಚ್ಛೆಯಿಂದ ಮಾಡುತ್ತೇವೆ. ಇನ್ಫೋಸಿಸ್ ಕೂಡ ಆ ಹೊತ್ತಿನಲ್ಲಿ ಬೆಂಗಳೂರಿನ ಐಐಐಟಿ ಜೊತೆ ಸೇರಿ ಪರಿಶಿಷ್ಟ ಇಂಜಿನಿಯರುಗಳಿಗೆ ವಿಶೇಷ ತರಬೇತಿ ಕೊಟ್ಟಿತು. ಅಲ್ಲಿ ಕಲಿತವರಿಗೆ ಕೆಲಸವೂ ಸಿಕ್ಕಿತು. ಕೆಲವೇ ತಿಂಗಳ ತರಬೇತಿಯಿಂದ ತುಂಬುವಂಥದ್ದಾಗಿದ್ದರೆ ಆ ಕೊರತೆ ಯೋಗ್ಯತೆಯದ್ದು ಹೇಗಾಗುತ್ತದೆ? ಅದನ್ನೇ ವರ್ಷವರ್ಷವೂ ಹತ್ತು ಸಾವಿರ ಜನರ ಕೇಂದ್ರದಲ್ಲಿ ಯಾಕೆ ಮಾಡಬಾರದು?

2024ರ ಜುಲೈಯಲ್ಲಿ ಹಳೆಯ ಕೂಗು ಮತ್ತೆ ಎದ್ದಿತು. ಮ್ಯಾನೇಜರ್ ಹುದ್ದೆಗಳಲ್ಲಿ ಅರ್ಧ, ಉಳಿದದ್ದರಲ್ಲಿ ಅದಕ್ಕಿಂತ ಹೆಚ್ಚು ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ನಾಸ್ಕಾಂ ಹೌಹಾರಿತು. ಎರಡೇ ದಿನದಲ್ಲಿ ಮಸೂದೆ ಪಕ್ಕಕ್ಕೆ ಹೋಯಿತು. ನಮ್ಮ ಗೆಳೆಯರು ಹಲವರು ಇದಕ್ಕೆ ಮರುಗಿದರು, ನಾನೂ ಮರುಗಿದೆ. ಆದರೆ 'ಮೈಸೂರು ಮೈಸೂರಿನವರಿಗೆ' ಎಂಬುದರ ಕತೆ ಮರೆಯಬಾರದು. ಸ್ಥಳೀಯ ಎಂಬ ಚೀಲದ ಒಳಗೆ ಯಾರಿದ್ದಾರೆ ಎಂದು ಕೇಳದಿದ್ದರೆ ಮ್ಯಾನೇಜರ್ ಹುದ್ದೆಯ ಅರ್ಧ ಸರಸ್ವತಿಪುರಕ್ಕೆ, ಗುಡಿಸುವ ಹುದ್ದೆ ಪೂರ್ತಿ ಕೋಟೆ ತಾಲ್ಲೂಕಿಗೆ ಬಂದರೂ ಕಾನೂನು ಪಾಲಿಸಿದಂತೆಯೇ ಆಗುತ್ತದೆ. ಕಬಿನಿ ಕಟ್ಟೆಗೆ ನೆಲ ಬಿಟ್ಟವರೂ, ನಾಗರಹೊಳೆಯಿಂದ ಹೊರಬಿದ್ದ ಜೇನುಕುರುಬರೂ ಸ್ಥಳೀಯರೇ. ಅವರಿಗಿಂತ ಸ್ಥಳೀಯರು ಯಾರಿದ್ದಾರೆ?

ಆದ್ದರಿಂದ ನಾವು ಮೊದಲು ಕೇಳಬೇಕಾದದ್ದು ಮಿಲ್ಲರ್ ಮೊದಲು ಮಾಡಿದ ಕೆಲಸ. ಎಣಿಸಿ. ಎಣಿಸಲು ಕಂಪನಿಗಳಿಗೆ ಬರುವುದಿಲ್ಲವೆ? ಲೆಕ್ಕ ಮಾಡಿಯೇ ಬದುಕುವವರು! ದೊಡ್ಡ ಸಾವಿರ ಕಂಪನಿಗಳು 2022–23ರಿಂದ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ವರ್ಷವರ್ಷ ಕೊಡಬೇಕಾದ ವರದಿಯಲ್ಲಿ ಹೆಂಗಸರೆಷ್ಟು, ಅಂಗವಿಕಲರೆಷ್ಟು, ಕಾಯಂ ಎಷ್ಟು, ಕಾಯಂ ಅಲ್ಲದವರೆಷ್ಟು ಎಲ್ಲ ಬರೆಯುತ್ತಾರೆ. ನೌಕರರ ಜಾತಿಗೆ ಅದರಲ್ಲಿ ಕಲಮೇ ಇಲ್ಲ. ಅಮೆರಿಕಾದಲ್ಲಿ ನೂರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು 1966ರಿಂದ ಯಾವ ದರ್ಜೆಯಲ್ಲಿ ಕರಿಯರೆಷ್ಟು, ಬಿಳಿಯರೆಷ್ಟು ಎಂದು ಸರ್ಕಾರಕ್ಕೆ ಲೆಕ್ಕ ಕೊಡುತ್ತ ಬಂದಿವೆ. ಅಲ್ಲಿ ಅಂಗಡಿ ಇಟ್ಟ ನಮ್ಮ ಕಂಪನಿಗಳಿಗೂ ಆ ನಿಯಮ ಅನ್ವಯಿಸಿತು. ಅಲ್ಲಿ ಚರ್ಮದ ಬಣ್ಣ ಎಣಿಸಲು ಬಂದವರಿಗೆ ಇಲ್ಲಿ ಕೇರಿ ಎಣಿಸಲು ಏನು ಅಡ್ಡಿ?

ಸರ್ಕಾರವೂ ಕೈ ತೊಳೆದುಕೊಳ್ಳುವಂತಿಲ್ಲ. 2000ದ ಸುಮಾರಿನಲ್ಲಿ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಹೋಯಿತು, ಶಾನುಭೋಗರ ದಫ್ತರ ಕೊನೆಗೂ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂತು. ಆಮೇಲೆ ಇಲಾಖೆ ಇಲಾಖೆಗಳ ಕಂಪ್ಯೂಟರ್ ಮುಂದೆ ಕೂರುವವರು ಹೊರಗುತ್ತಿಗೆಯವರಾದರು. ಗುತ್ತಿಗೆಗೆ ರೋಸ್ಟರ್ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ನಿಮ್ಮ ನಿಮ್ಮ ತಾಲ್ಲೂಕು ಕಚೇರಿ, ಆಸ್ಪತ್ರೆಗಳಲ್ಲಿ ಅದು ಪಾಲನೆಯಾಗಿದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಅರ್ಜಿ ಹಾಕಿ ಕೇಳಬಹುದು. ಕಾಲೇಜು ಹುಡುಗರು ನಾಲ್ಕೂ ತಾಲ್ಲೂಕಿನಲ್ಲಿ ಈ ಕೆಲಸ ಹಿಡಿದರೆ ನಮ್ಮ ಪತ್ರಿಕೆಯಲ್ಲಿ ಅದಕ್ಕೆ ಜಾಗ ಇದೆ.

2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗ ರಾಜ್ಯದ ಎಲ್ಲಾ ಮನೆಗಳ ಸಾಮಾಜಿಕ, ಶೈ‌ಕ್ಷಣಿಕ ಸಮೀಕ್ಷೆ ನಡೆಸಿತು. ಬೇಡ ಎನ್ನುವವರು ಮಾಹಿತಿ ಕೊಡದೆ ಇರಬಹುದು ಎಂದು ಹೈಕೋರ್ಟು ಹೇಳಿತ್ತು. ಇನ್ಫೋಸಿಸ್‌ನ ನಾರಾಯಣ ಮೂರ್ತಿ, ಸುಧಾ ಮೂರ್ತಿ ದಂಪತಿ, ನಾವು ಹಿಂದುಳಿದ ಜಾತಿಯವರಲ್ಲ, ಆದ್ದರಿಂದ ಭಾಗವಹಿಸುವುದಿಲ್ಲ ಎಂದು ಬರೆದುಕೊಟ್ಟರು. ಇದು ಹಿಂದುಳಿದವರ ಸಮೀಕ್ಷೆಯಲ್ಲ, ಎಲ್ಲರ ಸಮೀಕ್ಷೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉತ್ತರ ಕೊಟ್ಟರು. ಬರೆಯದೆ ಇರುವುದು ಅವರ ಹಕ್ಕು, ಅದನ್ನು ನಾನು ಕಿತ್ತುಕೊಳ್ಳುವುದಿಲ್ಲ. ಅದೇ ದಿನಗಳಲ್ಲಿ ನಮ್ಮ ಊರುಗಳಲ್ಲಿ ಸಮೀಕ್ಷೆಗೆ ಹೊರಟವರು ಶಾಲೆಯ ಮೇಷ್ಟ್ರುಗಳು. ನೆಟ್‌ವರ್ಕ್ ಸಿಗದ ಕಡೆ ಮೊಬೈಲನ್ನು ಮೇಲಕ್ಕೆತ್ತಿ ಹಿಡಿದು ಒಂದೊಂದೇ ಮನೆಯ ವಿವರ ತುಂಬಿದರು. ಹೌಸ್‌ಕೀಪಿಂಗಿಗೆ ಹೋಗುವ ಹೆಣ್ಣುಮಕ್ಕಳು ಕೆಲಸ ಮುಗಿಸಿ ಸಂಜೆ ಬಸ್ಸಿಳಿದು ಬರುವವರೆಗೆ ಮೇಷ್ಟ್ರು ಜಗಲಿಯ ಮೇಲೆ ಕಾದರು. ಅವರು ಬಂದು ಎಲ್ಲ ಕಲಮಿಗೂ ಉತ್ತರ ಹೇಳಿದರು.